ಅಮ್ಮನ ಬೆಂಡೆ

ಮೂಡುಬಿದಿರೆ
9 ಜೂನ್ 2024

ಅಕ್ಕನಿಗೆ,

ಫೋನು ಮಾಡಿದರೆ ನಾವಿಬ್ಬರೂ ಐದು ನಿಮಿಷದೊಳಗೆ ಜಗಳಕ್ಕೆ ನಿಲ್ಲುತ್ತೇವೆ, ಹಾಗಾಗಿ ಈ ಸಲ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲವಲ್ಲ. ಪೂರ್ತಿ ಓದಿದ ಮೇಲೆ ಬೈ.

ನನಗೆ ಅಮ್ಮನ ಬೆಂಡೆಯ ಬೀಜ ಬೇಕು.

ವಿಷಯ ಹೀಗೆ. ನಮ್ಮ ವಿಶ್ವವಿದ್ಯಾನಿಲಯದ ಗ್ರೀನ್‌ಹೌಸಿನಲ್ಲಿ ಈ ವರ್ಷ ಊರ ಬೆಂಡೆಗಳ ಪರೀಕ್ಷೆ ನಡೆಯುತ್ತದೆ. ಬೆಂಡೆಯ ಎಲೆಯ ನರಗಳೆಲ್ಲ ಹಳದಿಯಾಗಿ ಗಿಡ ಕುಗ್ಗುವ ರೋಗ ಬರುತ್ತದಲ್ಲ, ಅದನ್ನು ತಡೆದುಕೊಳ್ಳುವ ತಳಿಯನ್ನು ಶುಭಶ್ರೀ ಮೇಡಂ ಹುಡುಕುತ್ತಿದ್ದಾರೆ. ಅವರು ಇಲ್ಲಿ ಪ್ರೊಫೆಸರ್. ಅವರ ಪರೀಕ್ಷೆಗೆ ಬೇಕಾದ ಗಿಡಗಳನ್ನು ಬೆಳೆಸಿ, ಆ ರೋಗ ಹರಡುವ ಬಿಳಿ ನೊಣಗಳನ್ನು ಅವುಗಳ ಮೇಲೆ ಬಿಡುವುದು ನನ್ನ ಕೆಲಸ. ಸಿದ್ಧಕಟ್ಟೆಯ ಬೀಫಾತಿಮಾ ಎಂಬವರ ಹಿತ್ತಿಲಿನ ಬೀಜ ಬಂದಿದೆ, ಕಲ್ಲಡ್ಕದ ಕಡೆಯಿಂದ ಇನ್ನೊಂದು ಬಂದಿದೆ. ಮೇಡಂ ನನ್ನ ಹತ್ತಿರ, "ನಿಮ್ಮ ಮನೆಯಲ್ಲಿ ಏನಾದ್ರೂ ಉಂಟಾ ಹರಿಣಾಕ್ಷಿ?" ಎಂದು ಕೇಳಿದರು. "ನಮ್ಮ ಅಮ್ಮನ ಬೆಂಡೆಗೆ ಆ ರೋಗ ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡ್ಲೇ ಇಲ್ಲ ಮೇಡಂ" ಎಂದು ಹೇಳಿಬಿಟ್ಟೆ. ಅವರ ಕಣ್ಣು ಇಷ್ಟು ದೊಡ್ಡದಾಯಿತು.

ಬಾಟಲಿಯಲ್ಲಿ ಬೂದಿಗೆ ಹಾಕಿಟ್ಟದ್ದರಲ್ಲಿ ಒಂದು ಹಿಡಿ ಕಳಿಸು. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ
ಹರಿಣಾಕ್ಷಿ


ಅಳದಂಗಡಿ
15 ಜೂನ್ 2024

ಹರಿಣಿಗೆ,

ಪೂರ್ತಿ ಓದಿದೆ. ಈಗ ಬೈಯುತ್ತೇನೆ. ತುಳುವಿನಲ್ಲಿ ಬೈದ ಹಾಗೆ ಕನ್ನಡದಲ್ಲಿ ಬರೆಯಲಿಕ್ಕೆ ಬರುವುದಿಲ್ಲ, ಕಡಿಮೆ ಬಿದ್ದದ್ದನ್ನು ನೀನೇ ಸೇರಿಸಿಕೊಂಡು ಓದು.

ಅಮ್ಮ ಹೋಗಿ ಎರಡು ವರ್ಷ ಆಗುತ್ತಾ ಬಂತು. ಇಷ್ಟು ದಿನ ನಿನಗೆ ಅವಳ ಬೆಂಡೆಯ ನೆನಪಾಗಲಿಲ್ಲ, ಈಗ ಅದಕ್ಕೆ ರೋಗ ಹಿಡಿಸಲಿಕ್ಕೆ ನೆನಪಾಯಿತಾ? ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ತಾಯಂದಿರು, "ಟೀಚರ್, ನಿಮ್ಮ ತಂಗಿ ಎಂತ ಕೆಲಸದಲ್ಲಿದ್ದಾರೆ?" ಎಂದು ಕೇಳುತ್ತಾರೆ. ದೊಡ್ಡ ಕಾಲೇಜಿನಲ್ಲಿ ಗಿಡ ಬೆಳೆಸುತ್ತಾಳೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತೇನೆ. ನೊಣ ಸಾಕಿ ಗಿಡದ ಮೇಲೆ ಬಿಡುವವಳು ಎಂದು ಹೇಗೆ ಹೇಳುವುದು ಮಾರಾಯ್ತಿ! ಕೇಳಿದವರು ನಗುತ್ತಾರಷ್ಟೆ.

ಆದರೂ ಕಳಿಸಿದ್ದೇನೆ. ಬಾಟಲಿಯಲ್ಲಿ ಇದ್ದದ್ದೇ ಎರಡು ಹಿಡಿ. ಹೋದ ವರ್ಷದ ಕಾಯಿಯನ್ನೆಲ್ಲ ಸಾರು ಮಾಡಿ ತಿಂದು ಮುಗಿಸಿದೆವು, ಬೀಜಕ್ಕೆ ಬಿಟ್ಟದ್ದು ಕಡಿಮೆ. ಒಂದು ಹಿಡಿ ನಿನಗೆ, ಒಂದು ಹಿಡಿ ನಾನು ಹಿತ್ತಿಲಲ್ಲಿ ಹಾಕಿದ್ದೇನೆ. ಇದು ಹೋದರೆ ಬೇರೆ ಇಲ್ಲ, ತಿಳಿಯಿತಲ್ಲ? ನಿನ್ನ ಮೇಡಂಗೆ ಈಗಲೇ ಹೇಳು, ಎಷ್ಟು ನೊಣ ಬಿಟ್ಟರೂ ಅಮ್ಮನ ಬೆಂಡೆ ಒಂದೆಲೆ ಹಳದಿ ಆಗುವುದಿಲ್ಲ. ಇಡೀ ಊರಿಗೆ ಗೊತ್ತಿರುವ ಮಾತು ಅದು.

ಊಟ ಸರಿಯಾಗಿ ಮಾಡು. ಹೋಟೆಲಿನ ಪರೋಟ ತಿಂದುಕೊಂಡು ಇರಬೇಡ.

ನಿನ್ನ ಅಕ್ಕ
ಲೋಲಾಕ್ಷಿ


ಮೂಡುಬಿದಿರೆ
20 ಜುಲೈ 2024

ಅಕ್ಕ,

ಬೀಜ ಮೊಳೆತಿದೆ. ಹಾಕಿದ್ದರಲ್ಲಿ ಹೆಚ್ಚಿನವು ಬಂದವು, ನೋಡಿ ಜೀವಕ್ಕೆ ಸಮಾಧಾನವಾಯಿತು.

ನನ್ನ ಕೆಲಸ ನಿನಗೆ ನಗೆಯಾಗಿ ಕಾಣುವುದಾದರೆ ಅದು ಎಂಥದೆಂದು ಒಮ್ಮೆ ಕೇಳು. ನನ್ನ ಪಾಲಿಗೆ ಎರಡು ಕೋಣೆಗಳಿವೆ. ಒಂದು ನೊಣದ ಕೋಣೆ. ಅದರಲ್ಲಿ ರೋಗದ ಗಿಡದ ರಸ ಹೀರಿದ ಬಿಳಿ ನೊಣಗಳನ್ನು ಬಿಡುತ್ತೇವೆ. ಅದರೊಳಗೆ ಹೋದ ಗಿಡ ಮತ್ತೆ ಹೊರಗೆ ಬರುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಕೊಚ್ಚಿ ಸುಡುವುದೇ. ಇನ್ನೊಂದು ಶುದ್ಧ ಕೋಣೆ. ಅದೇ ತಳಿಯ ಗಿಡಗಳನ್ನು ಅಲ್ಲಿ ಬೀಜಕ್ಕಾಗಿ ಬೆಳೆಸುತ್ತೇವೆ. ಅದರೊಳಗೆ ಒಂದು ಇರುವೆ ಬಂದರೂ ನನ್ನನ್ನೇ ಕೇಳುತ್ತಾರೆ. ಬೆಳಿಗ್ಗೆ ಮೊದಲು ಶುದ್ಧ ಕೋಣೆಗೆ ಹೋಗಿ ನೀರು ಗೊಬ್ಬರ ಕೊಟ್ಟು, ಆಮೇಲೆ ನೊಣದ ಕೋಣೆಗೆ ಹೋಗಬೇಕು. ಅಲ್ಲಿಂದ ಬಂದವಳು ಸ್ನಾನ ಮಾಡಿ ಬಟ್ಟೆ ಬದಲಿಸದೆ ಇಲ್ಲಿಗೆ ಕಾಲಿಡುವ ಹಾಗಿಲ್ಲ. ನಮ್ಮ ಅಜ್ಜಿಯ ಮಡಿಗಿಂತ ಇದು ಜೋರು.

ಅಮ್ಮನ ಸಸಿಗಳಲ್ಲಿ ಅರ್ಧವನ್ನು ಹೋದ ವಾರ ನೊಣದ ಕೋಣೆಯಲ್ಲಿ ಇಟ್ಟೆ. ನೊಣದ ಡಬ್ಬಿಯ ಮುಚ್ಚಳಕ್ಕೆ ಎರಡು ಸಲ ಕೈ ಹಾಕಿ ಹಿಂದೆ ತೆಗೆದೆ. ಬೇರೆ ಯಾವ ಸಾಲಿಗೂ ನಾನು ಹಾಗೆ ಮಾಡುವುದಿಲ್ಲ. ಕೊನೆಗೆ ಮುಚ್ಚಳ ತೆಗೆದೆ, ನೊಣ ಬಿಟ್ಟೆ, ಬಾಗಿಲು ಹಾಕಿ ಹೊರಗೆ ಬಂದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ.

ಉಳಿದರ್ಧ ಶುದ್ಧ ಕೋಣೆಯಲ್ಲಿ ನಿಂತಿವೆ. ದಂಟು ಕೆಂಪಾಗುತ್ತಾ ಬಂದಿದೆ, ಥೇಟ್ ನಮ್ಮ ಹಿತ್ತಿಲಿನದ್ದೇ.

ಹರಿಣಿ


ಅಳದಂಗಡಿ
4 ಆಗಸ್ಟ್ 2024

ಹರಿಣಿ,

ನನ್ನ ಪಾಲಿನದ್ದು ಹೋಯಿತು. ನವಿಲು ಮಾರಾಯ್ತಿ, ನವಿಲು! ಮೊದಲೆಲ್ಲ ನವಿಲು ಕಂಡರೆ ಮಕ್ಕಳನ್ನು ಕರೆದು ತೋರಿಸುತ್ತಿದ್ದೆವು. ಈಗ ಕೋಳಿಯ ಹಾಗೆ ಗುಂಪು ಕಟ್ಟಿಕೊಂಡು ಅಂಗಳಕ್ಕೇ ಬರುತ್ತವೆ. ನಾನು ಅಂಗನವಾಡಿಯಿಂದ ಬರುವಷ್ಟರಲ್ಲಿ ಒಂದು ಸಸಿಯೂ ಬಿಡದೆ ಕುಕ್ಕಿ ಹಾಕಿದ್ದವು. ಕಲ್ಲು ಹೊಡೆಯುವ ಹಾಗಿಲ್ಲ, ಬೈಯಬಹುದು ಅಷ್ಟೆ. ಬೈದೆ. ನಿನ್ನ ಭಾವ ಕೋಲಿಗೆ ಹಳೆ ಸೀರೆ ಕಟ್ಟಿದ್ದರು. ಆ ಸೀರೆಯ ನೆರಳಲ್ಲೇ ಕೂತು ತಿಂದಿವೆ.

ನಗಬೇಡ. ನಾನು ಅತ್ತದ್ದು ಭಾವನಿಗೆ ಮಾತ್ರ ಗೊತ್ತು.

ಇನ್ನು ಅಮ್ಮನ ಬೆಂಡೆ ಎಂದು ಇರುವುದು ನಿನ್ನ ಶುದ್ಧ ಕೋಣೆಯೊಳಗೆ ಮಾತ್ರ. ನನಗೆ ಅದನ್ನು ನೋಡಬೇಕು. ಯಾವಾಗ ಬರಲಿ, ಬರೆ.

ಅಕ್ಕ


ಮೂಡುಬಿದಿರೆ
28 ಆಗಸ್ಟ್ 2024

ಅಕ್ಕ,

ಬರುವ ಶನಿವಾರ ಬಾ. ಗುರುವಾಯನಕೆರೆಗೆ ಬಂದರೆ ವೇಣೂರಿನ ಮೇಲೆ ಬರುವ ಬಸ್ಸು ಸಿಗುತ್ತದೆ. ಶುದ್ಧ ಕೋಣೆಗೆ ಹೊರಗಿನವರನ್ನು ಬಿಡುವ ಕ್ರಮ ಇಲ್ಲ. ನಾನು ಮೇಡಂಗೆ ಏನೇನೋ ಹೇಳಿ ಒಪ್ಪಿಸಿದ್ದೇನೆ, ಬೀಜ ಕೊಟ್ಟವರೊಬ್ಬರು ನೋಡಲಿಕ್ಕೆ ಬರುತ್ತಾರೆ ಎಂದು.

ಮಲ್ಲಿಗೆ ಮುಡಿದು ಬರಬೇಡ, ಹೂವಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ. ಹಿತ್ತಿಲಿಗೆ ಹೋಗುವ ಚಪ್ಪಲಿ ಹಾಕಿಕೊಂಡು ಬರಬೇಡ. ಕಾಯಿ ಬಿಟ್ಟಿದೆ. ಬೀಜಕ್ಕೆಂದು ಬಿಟ್ಟ ಒಂದೊಂದು ಕಾಯಿಗೂ ಕೆಂಪು ನೂಲು ಕಟ್ಟಿದ್ದೇನೆ. ಊಟಕ್ಕೆ ನನ್ನ ರೂಮಿಗೇ ಹೋಗುವ.

ಹರಿಣಿ


ಮೂಡುಬಿದಿರೆ
9 ಸೆಪ್ಟೆಂಬರ್ 2024

ಅಕ್ಕ,

ಒಂದು ವಾರ ಕಾದೆ, ಸಿಟ್ಟು ಇಳಿಯುತ್ತದೋ ಎಂದು. ಇಳಿದಿಲ್ಲ.

ನಾನು ನಿನ್ನನ್ನು ಒಳಗೆ ಬಿಟ್ಟು ನೀರಿನ ಪೈಪು ಬಂದ್ ಮಾಡಲಿಕ್ಕೆ ಹೊರಗೆ ಹೋದದ್ದು ಎಷ್ಟು ಹೊತ್ತು? ಅಷ್ಟರಲ್ಲಿ ನೀನು ಆ ಸಾಲಿನ ಉದ್ದಕ್ಕೂ ನಡೆದು ಒಂದೊಂದೇ ಕಾಯಿಯ ತುದಿಯನ್ನು ಟಕ್ ಟಕ್ ಎಂದು ಮುರಿದಿದ್ದೀ! ನಾನು ಬಂದು ನೋಡುವಾಗ, "ಭಾರೀ ಎಳತು ಉಂಟು ಹರಿಣಿ, ಹುಳಿಗೆ ಒಳ್ಳೇದಾಗ್ತದೆ" ಎಂದು ನಗುತ್ತಾ ನಿಂತಿದ್ದೀ. ಅಷ್ಟು ಕೆಂಪು ನೂಲು ಕಟ್ಟಿದ್ದು ನಿನ್ನ ಕಣ್ಣಿಗೆ ಕಾಣಲಿಲ್ಲವಾ? ಅಂಗನವಾಡಿಯಲ್ಲಿ ಮಕ್ಕಳಿಗೆ ಕೈ ಕಟ್ಟಿ ಕೂತುಕೊಳ್ಳಿ ಎಂದು ಹೇಳುವವಳು ನೀನು!

ತುದಿ ಮುರಿದ ಕಾಯಿಯಲ್ಲಿ ಬೀಜ ಬಲಿಯುವುದಿಲ್ಲ. ಈ ವಾರ ಒಂದೊಂದೇ ಕಪ್ಪಾಗಿ ಕೊಳೆತು ಬಿದ್ದವು. ಅಮ್ಮನ ಗಿಡದಲ್ಲಿ ಬೀಜದ ಕಾಯಿ ಒಂದೂ ಉಳಿದಿಲ್ಲ. ಪಕ್ಕದ ಸಾಲು ಬೀಫಾತಿಮಾ ಅವರದ್ದು, ಅದರಲ್ಲಿಯೂ ಕೆಲವಕ್ಕೆ ನಿನ್ನ ಕೈ ತಾಗಿದೆ. ನನ್ನ ಮಾತು ನಂಬಿ ನಿನ್ನನ್ನು ಒಳಗೆ ಬಿಟ್ಟ ಮೇಡಂಗೆ ನಾನು ಏನೆಂದು ಮುಖ ತೋರಿಸಲಿ?

ನಾನು ಜೋರು ಮಾಡಿದ್ದು ಹೆಚ್ಚಾಯಿತು ಎಂದು ನೀನು ಊಟ ಮಾಡದೆ ಹೊರಟುಹೋದೆ. ಹೆಚ್ಚಾಗಿಲ್ಲ. ಅಮ್ಮನ ಬೀಜ ಇನ್ನು ಇಲ್ಲ ಅಕ್ಕ. ನವಿಲು ಅರ್ಧ ಮುಗಿಸಿತು, ಉಳಿದರ್ಧ ನೀನು.

ಹರಿಣಾಕ್ಷಿ


ಅಳದಂಗಡಿ
14 ಸೆಪ್ಟೆಂಬರ್ 2024

ಹರಿಣಾಕ್ಷಿಯವರಿಗೆ,

ತಪ್ಪು ನನ್ನದೇ. ಕೈ ತನ್ನಷ್ಟಕ್ಕೆ ಹೋಯಿತು. ಬೆಂಡೆ ಕಂಡರೆ ತುದಿ ಮುರಿದು ನೋಡದೆ ಮುಂದೆ ಹೋಗುವ ಹೆಂಗಸು ನಮ್ಮ ಊರಿನ ಪೇಟೆಯಲ್ಲಿ ಯಾರೂ ಇಲ್ಲ. ಆದರೆ ಅದು ಪೇಟೆ ಅಲ್ಲ ಎಂದು ನಾನು ತಿಳಿಯಬೇಕಿತ್ತು. ಬಸ್ಸಿನಲ್ಲಿ ವೇಣೂರು ದಾಟುವವರೆಗೂ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ನೀನು ಬೈದದ್ದಕ್ಕೆ ನಾನು ಊಟ ಬಿಟ್ಟು ಬಂದದ್ದಲ್ಲ. ಗಲಾಟೆ ಕೇಳಿ ನಿನ್ನ ಮೇಡಂ ಬಂದು, "ಇವರು ಯಾರು?" ಎಂದು ಕೇಳಿದರಲ್ಲ, ಆಗ ನೀನು, "ನಮ್ಮ ಊರಿನವರು ಮೇಡಂ" ಎಂದೆ.

ಇಂತು
ನಿಮ್ಮ ಊರಿನ ಲೋಲಾಕ್ಷಿ


ಮೂಡುಬಿದಿರೆ
16 ಅಕ್ಟೋಬರ್ 2024

ಅಕ್ಕ,

ಒಂದು ತಿಂಗಳು ನಿನ್ನ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದೆ.

ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಬರೆದರೆ ಅರ್ಧ ನಿಜ. ಕೆಲಸದವಳ ಮನೆಯವರೇ ಬಂದು ಹಾಳು ಮಾಡಿದರು ಎಂದಾಗುತ್ತದಲ್ಲ ಎಂಬ ಹೆದರಿಕೆ ಇತ್ತು. ಇನ್ನರ್ಧ ನಾಚಿಕೆ. ಕಾಯಿಯ ತುದಿಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ನೀನು ಅಲ್ಲಿ ನಿಂತಿದ್ದಾಗ ನನಗೆ ನಾಚಿಕೆಯಾಯಿತು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳನ್ನು ನೋಡಿ ಹಾಗಾಯಿತಲ್ಲ ಎಂದು ಆಮೇಲೆ ಬೇರೆ ನಾಚಿಕೆ. ಹೋದ ವಾರ ಮೇಡಂ ಹತ್ತಿರ ಹೋಗಿ, "ಆವತ್ತು ಬಂದದ್ದು ನನ್ನ ಸ್ವಂತ ಅಕ್ಕ" ಎಂದು ಹೇಳಿದೆ. ಅವರು, "ಗೊತ್ತಿತ್ತು ಹರಿಣಾಕ್ಷಿ, ಮೂಗು ನೋಡಿದ್ರೆ ಗೊತ್ತಾಗುದಿಲ್ವಾ? ನಾನೂ ಪೇಟೆಯಲ್ಲಿ ತುದಿ ಮುರಿದೇ ತಗೊಳ್ಳುದು" ಎಂದರು. ಅವರು ನಕ್ಕರು, ನನಗೆ ಅಳು ಬಂತು.

ಇನ್ನೊಂದು ವಿಷಯ ಉಂಟು, ಅದನ್ನು ಹೇಗೆ ಬರೆಯುವುದೆಂದು ಗೊತ್ತಾಗುವುದಿಲ್ಲ. ನೇರ ಬರೆಯುತ್ತೇನೆ. ನೊಣದ ಕೋಣೆಯಲ್ಲಿ ಎಲ್ಲಕ್ಕಿಂತ ಮೊದಲು ಹಳದಿಯಾದದ್ದು ಅಮ್ಮನ ಬೆಂಡೆ. ಕಲ್ಲಡ್ಕದ್ದು ಅದರ ಹಿಂದೆ. ಸಿದ್ಧಕಟ್ಟೆಯದ್ದು ಈಗಲೂ ಹೆಚ್ಚುಕಡಿಮೆ ಹಸುರಾಗಿ ನಿಂತಿದೆ. ನಾನು ನಂಬಲಿಲ್ಲ. ಬೀಜ ಅದಲುಬದಲಾಗಿರಬಹುದು ಎಂದು ಮೇಡಂ ಹತ್ತಿರ ವಾದ ಮಾಡಿ, ನೀನು ಬರುವ ಮೊದಲೇ, ತೆಗೆದಿಟ್ಟಿದ್ದ ಕೊನೆಯ ನಾಲ್ಕು ಬೀಜಗಳಿಂದ ಇನ್ನೊಮ್ಮೆ ಸಸಿ ಮಾಡಿ ಇಟ್ಟೆ. ಅವೂ ಹಳದಿಯಾದವು. ಅಮ್ಮನ ಬೆಂಡೆಗೆ ರೋಗ ತಡೆಯುವ ಶಕ್ತಿ ಇಲ್ಲ ಅಕ್ಕ. ಯಾವತ್ತೂ ಇರಲಿಲ್ಲವಂತೆ. ಹಾಗಾದರೆ ನಾವು ನೋಡಿದ್ದೇನು? ಅದು ನನಗೆ ಅರ್ಥವಾಗುವುದಿಲ್ಲ.

ಈ ತಳಿಯನ್ನು ಪರೀಕ್ಷೆಯಿಂದ ಕೈಬಿಟ್ಟರು. ಆದರೆ ಕೇಳು. ಕಾಯಿ ಹೋದ ಮೇಲೆ ಶುದ್ಧ ಕೋಣೆಯ ಗಿಡಗಳು ಸುಮ್ಮನೆ ನಿಲ್ಲಲಿಲ್ಲ, ಬುಡದಿಂದ ಹೊಸ ಕೊಂಬೆ ಒಡೆದು ಪುನಃ ಹೂ ಬಿಡುತ್ತಿವೆ. ಇಲ್ಲಿ ಜಾಗ ಖಾಲಿ ಮಾಡಬೇಕು, ಟೊಮೆಟೊ ಬರುತ್ತದೆ. ಗೆದ್ದ ತಳಿಯಾಗಿದ್ದರೆ ಒಂದೆಲೆಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಸೋತ ಗಿಡವಲ್ಲವಾ, "ಇವು ಇನ್ನು ನಮಗೆ ಬೇಡ, ಚೆನ್ನಾಗಿರುವ ಎರಡು ಗಿಡ ಬೇಕಿದ್ರೆ ಚಟ್ಟಿ ಸಮೇತ ಮನೆಗೆ ತಗೊಂಡು ಹೋಗಿ" ಎಂದು ಮೇಡಂ ಬರೆದು ಕೊಟ್ಟಿದ್ದಾರೆ.

ನನ್ನ ರೂಮಿಗೆ ಬಿಸಿಲಿಲ್ಲ. ನಿನ್ನ ಅಂಗಳಕ್ಕೆ ಕಳಿಸಲಾ? ನೀನು ಬೇಡ ಎಂದರೆ ಬೇಡ.

ಹರಿಣಿ


ಅಳದಂಗಡಿ
21 ಅಕ್ಟೋಬರ್ 2024

ಹರಿಣಿ,

ಭಾನುವಾರ ಭಾವ ಪಿಕಪ್ ಗಾಡಿ ತೆಗೆದುಕೊಂಡು ಬರುತ್ತಾರೆ. ಬಿ.ಸಿ. ರೋಡಿನಲ್ಲಿ ಅವರಿಗೆ ಕೆಲಸ ಉಂಟು, ಅಲ್ಲಿಂದ ಸಿದ್ಧಕಟ್ಟೆ ದಾರಿಯಲ್ಲಿ ನಿನ್ನಲ್ಲಿಗೆ. ಚಟ್ಟಿ ಅಲ್ಲಾಡದ ಹಾಗೆ ಕಟ್ಟಿ ಕೊಡು. ಅವರ ಡ್ರೈವಿಂಗ್ ನಿನಗೆ ಗೊತ್ತುಂಟಲ್ಲ.

ನೀನು ಕೇಳಿದ್ದಕ್ಕೆ ಉತ್ತರ ನನ್ನಲ್ಲಿ ಉಂಟು. ಅಮ್ಮ ಬೆಳಕು ಹರಿಯುವ ಮೊದಲು ಹಿತ್ತಿಲಿಗೆ ಹೋಗುತ್ತಿದ್ದಳು, ನೆನಪುಂಟಾ? ನೀನು ಮಲಗಿರುತ್ತಿದ್ದೆ. ನಾನು ಬಚ್ಚಲ ಒಲೆಗೆ ಬೆಂಕಿ ಹಾಕಲು ಏಳುತ್ತಿದ್ದೆ. ಬರುವಾಗ ಎಷ್ಟೋ ದಿನ ಅವಳ ಕೈಯಲ್ಲಿ ಕಿತ್ತ ಬೆಂಡೆ ಗಿಡ ಇರುತ್ತಿತ್ತು. ಎಲೆಯಲ್ಲಿ ಒಂದು ಗೀರು ಹಳದಿ ಕಂಡರೆ ಮುಗಿಯಿತು, ಕಾಯಿ ಇರಲಿ ಹೂ ಇರಲಿ, ಬೇರು ಸಮೇತ ಕಿತ್ತು ತಂದು ಒಲೆಗೆ ಹಾಕುವುದೇ. "ಯಾರೂ ನೋಡುವ ಮೊದಲು ಆಗ್ಬೇಕು" ಎನ್ನುತ್ತಿದ್ದಳು. ನಾನು ಅದನ್ನು ಅಂಗಳ ಗುಡಿಸಿದ ಹಾಗೆ ಒಂದು ಕೆಲಸ ಎಂದೇ ತಿಳಿದಿದ್ದೆ. ಊರಿನವರು ರೋಗ ಬಾರದ ಬೆಂಡೆ ಎಂದು ಹೊಗಳುವಾಗ ನನಗೂ ಹೆಮ್ಮೆಯೇ. ಎರಡನ್ನೂ ಒಟ್ಟಿಗೆ ಇಟ್ಟು ಯೋಚನೆ ಮಾಡಿದ್ದು ಈಗ, ನಿನ್ನ ಕಾಗದ ಓದಿದ ಮೇಲೆ.

ರೋಗ ಬರುತ್ತಿತ್ತು ಹರಿಣಿ. ಬಂದದ್ದನ್ನು ಅವಳು ನಿಲ್ಲಲು ಬಿಡುತ್ತಿರಲಿಲ್ಲ.

ನನಗೆ ಬೇಸರವಾಯಿತಾ ಎಂದು ಕೇಳಬೇಡ. ಆಯಿತು. ಆಮೇಲೆ ಯೋಚಿಸಿದೆ, ಅಷ್ಟು ವರ್ಷ ಅಷ್ಟು ಮುಂಚೆ ಎದ್ದು ಅದನ್ನು ಉಳಿಸಿದಳಲ್ಲ ಪುಣ್ಯಾತ್ಗಿತ್ತಿ, ನಾನು ಒಂದು ಕ್ಷಣದಲ್ಲಿ ಮುರಿದು ಹಾಕಿದೆನಲ್ಲ ಎಂದು.

ಉಳಿದ ವಿಷಯ ಓದಿದೆ. ಈಗ ಅದರ ಬಗ್ಗೆ ಏನೂ ಬರೆಯುವುದಿಲ್ಲ.

ಲೋಲಾಕ್ಷಿ


ಮೂಡುಬಿದಿರೆ
18 ನವೆಂಬರ್ 2024

ಅಕ್ಕ,

ಭಾವ ನಿನ್ನೆ ಫೋನು ಮಾಡಿದ್ದರು. ದೊಡ್ಡ ಗಿಡದಲ್ಲಿ ಕಾಯಿ ತುಂಬಿಕೊಂಡಿದೆ, ಆದರೆ ತುದಿಯ ಎಲೆ ಹಳದಿಯಾಗಿದೆ, ಚಿಕ್ಕ ಗಿಡದಲ್ಲಿ ಹೂವೆಲ್ಲ ಉದುರಿ ಕಾಯಿಯೇ ಇಲ್ಲ ಎಂದರು. "ನಿನ್ನ ಅಕ್ಕ ಎರಡು ದಿನದಿಂದ ಅದರ ಎದುರು ನಿಲ್ಲುದು, ಒಳಗೆ ಹೋಗುದು" ಎಂದೂ ಹೇಳಿದರು. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಅದಕ್ಕೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಭಾವನ ಹತ್ತಿರವೂ ಹೇಳಿದ್ದೇನೆ, ಆದರೆ ಅವರ ಮಾತು ನೀನು ಯಾವಾಗ ಕೇಳಿದ್ದೀ?

ಅಕ್ಕ, ಅದನ್ನು ಕೀಳಬೇಡ.

ಈ ರೋಗ ನೊಣದಿಂದ ಗಿಡಕ್ಕೆ ಹೋಗುತ್ತದೆ, ಗಿಡದಿಂದ ಬೀಜಕ್ಕೆ ಹೋಗುವುದಿಲ್ಲ. ಮೇಡಂ ಹತ್ತಿರ ಪುನಃ ಕೇಳಿ ಖಾತ್ರಿ ಮಾಡಿಕೊಂಡೆ. ಗಿಡ ಹಳದಿಯಾದರೂ ಕಾಯಿ ಬಲಿಯುತ್ತದೆ, ಬೀಜ ಸಣ್ಣದಾಗಬಹುದು, ಆದರೆ ಮೊಳೆಯುತ್ತದೆ. ಎರಡು ಗಿಡಕ್ಕೂ ಬೇರೆ ಬೇರೆಯಾಗಿ ಸೊಳ್ಳೆ ಪರದೆ ಕಟ್ಟು. ಕಾಯಿ ಗಿಡದಲ್ಲೇ ಒಣಗಿ ಸಿಪ್ಪೆ ಬಿರಿಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಗಿಡ ದಿನದಿಂದ ದಿನಕ್ಕೆ ಅಸಹ್ಯವಾಗಿ ಕಾಣುತ್ತದೆ. ನೋಡಲಿಕ್ಕೆ ಕಷ್ಟ. ನಾನು ಇಲ್ಲಿ ದಿನಾ ಅದನ್ನೇ ನೋಡುವುದು.

ಅಮ್ಮ ಕೀಳುತ್ತಿದ್ದದ್ದು ಸರಿಯೇ, ಅವಳ ಹತ್ತಿರ ಬೇರೆ ಗಿಡಗಳಿದ್ದವು. ನಮ್ಮ ಹತ್ತಿರ ಬೇರೆ ಇಲ್ಲ. ನನ್ನ ಮಾತು ಕೇಳು ಎಂದು ಹೇಳಲು ನನಗೆ ಬಾಯಿಲ್ಲ. ಆದರೂ ಹೇಳುತ್ತಿದ್ದೇನೆ.

ಹರಿಣಿ


ಅಳದಂಗಡಿ
11 ಡಿಸೆಂಬರ್ 2024

ಹರಿಣಿಗೆ,

ನಿನ್ನ ಕಾಗದ ಬರುವಾಗ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ನಿಂತಿದ್ದೆ. ಗಿಡದ ಬುಡಕ್ಕೆ ಕೈ ಹಾಕಿಯಾಗಿತ್ತು. ಪೋಸ್ಟಿನವನು "ಟೀಚರ್, ಸೈನ್ ಹಾಕಿ" ಎಂದು ಕರೆದ. ಮಣ್ಣಿನ ಕೈಯಲ್ಲೇ ಸೈನ್ ಹಾಕಿ, ಅಲ್ಲಿಯೇ ನಿಂತು ಓದಿದೆ. ಓದಿ ಮುಗಿಸಿ ಕೈ ತೊಳೆದು ಒಳಗೆ ಹೋಗಿ ಪರದೆ ಹುಡುಕಿದೆ.

ಕಷ್ಟ ಎಂದು ಬರೆದಿದ್ದೀಯಲ್ಲ, ಸಾಲದು ಆ ಮಾತು. ಗಿಡ ಪೂರ್ತಿ ಅರಶಿನ ಹಚ್ಚಿದ ಹಾಗಾಯಿತು. ಎಲೆ ಮುರುಟಿತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈ ಅದರ ಕಡೆಗೇ. ಅಮ್ಮ ಹಿಂದೆ ನಿಂತು, "ಇನ್ನೂ ಕೀಳ್ಲಿಲ್ವಾ?" ಎಂದು ಕೇಳಿದ ಹಾಗೆ ಆಗುತ್ತಿತ್ತು. ನೀನು ಇಂಥದ್ದರ ನಡುವೆ ದಿನಾ ಕೆಲಸ ಮಾಡಿ, ಸಂಜೆ ರೂಮಿಗೆ ಹೋಗಿ ಅನ್ನ ಬೇಯಿಸಿ ಉಣ್ಣುತ್ತೀಯಲ್ಲ ಎಂದು ಮೊದಲ ಸಲ ಯೋಚಿಸಿದೆ. ನಗೆಯ ಕೆಲಸ ಅಲ್ಲ ಅದು. ನಾನು ಹಾಗೆ ಬರೆಯಬಾರದಿತ್ತು.

ಕಾಯಿ ಒಣಗುತ್ತಾ ಉಂಟು. ಒಂದು ನಿನ್ನೆ ಬಿರಿಯಿತು, ಒಳಗೆ ಬೀಜ ಕಪ್ಪಗೆ ಗಟ್ಟಿಯಾಗಿ ಕೂತಿದೆ. ಉಳಿದವು ಈ ವಾರ ಆಗಬಹುದು.

ಮೊನ್ನೆ ಕೆಳಗಿನ ಮನೆಯ ರಾಜೀವಿ ಬಂದಿದ್ದಳು. ಅವಳಿಗೆ ಎಲ್ಲ ಕಡೆ ಕಣ್ಣು, ನಿನಗೆ ಗೊತ್ತುಂಟು. ಪರದೆ ಎತ್ತಿ ನೋಡಿ, "ಅಯ್ಯೋ ದೇವರೇ! ನಿನ್ನ ಅಮ್ಮ ಇರುವಾಗ ಈ ಅಂಗಳದಲ್ಲಿ ಇಂಥ ಗಿಡ ಒಂದು ದಿನ ನಿಂತದ್ದುಂಟಾ? ಕಿತ್ತು ಬಿಸಾಡು ಲೋಲಾಕ್ಷಿ, ನೋಡಿದವರು ಎಂತ ಹೇಳಿಯಾರು?" ಎಂದಳು.

"ಕೀಳುದಿಲ್ಲ" ಎಂದೆ.

"ಯಾಕೆ? ಯಾರು ಹೇಳಿದ್ದು ನಿಂಗೆ, ಕೀಳಬಾರ್ದು ಅಂತ?"

"ನನ್ನ ತಂಗಿ" ಎಂದೆ.

ನಿನ್ನ ಅಕ್ಕ
ಲೋಲಾಕ್ಷಿ